ಅಕ್ಕನ ಕೆನ್ನೆಯ ಕಲೆಯೂ ನನ್ನ ಆರು ಪ್ರಶ್ನೆಗಳೂ

ಹೋದ ವರ್ಷ ಅಡಿಕೆ ಸುಗ್ಗಿ ಜೋರಾಗಿದ್ದಾಗಿನ ಮಾತು. ನಾವು ಚನ್ನಗಿರಿಯವರು. ಅಕ್ಕ ಸವಿತಾಳ ಕೆನ್ನೆಗಳಲ್ಲಿ ಮೊಡವೆ ಮಾಯ್ದು ಕಪ್ಪು ಕಲೆ ಉಳಿದಿದ್ದವು. ಫೋಟೋ ಅಂದರೆ ಸಾಕು, ಎಲ್ಲರ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಒಂದು ದಿನ ಮೊಬೈಲ್ ಹಿಡಿದು ಬಂದು, "ಕೆಮಿಕಲ್ ಪೀಲ್ ಅಂತ ಐತಂತೆ ಕಣೇ, ಕಲೆ ಹೋಗ್ತಾವಂತೆ. ದಾವಣಗೆರೆಗೆ ಹೋಗಿ ಮಾಡಿಸ್ಕಂಡು ಬರಾನ?" ಅಂದಳು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾಲಿಗೆ ನನ್ನದು. ಸುಮ್ಮನಿರುತ್ತದೆಯೇ? "ಅದು ಆಸಿಡ್ ಅಕ್ಕಾ. ಆನ್‌ಲೈನಲ್ಲೂ ಸಿಗ್ತೈತೆ. ಹಚ್ಚಾಕೆ ಡಾಕ್ಟರೇ ಯಾಕೆ ಬೇಕು, ಹೇಳು ನೋಡಾನ?" ಅಕ್ಕ ಸುಮ್ಮನಾದಳು. ಗೆದ್ದೆ ಅಂದುಕೊಂಡೆ.

ಆದರೆ ಕುತೂಹಲ ಬಿಡಲಿಲ್ಲ. ಚರ್ಮದ ಒಂದು ಪದರ ಕೀಳುವ ಆಸಿಡ್ ಅದರ ಕೆಳಗಿನದನ್ನು ಯಾಕೆ ಬಿಡುತ್ತದೆ? ಆರು ಪ್ರಶ್ನೆ ಬರೆದುಕೊಂಡು, ಎರಡು ವಾರದ ನಂತರ ನಾನೇ ಅಕ್ಕನನ್ನು ದಾವಣಗೆರೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ.

ಅವರು ಬೇಸರಿಸದೆ ವಿವರಿಸಿದರು. ಆಸಿಡ್ ಮೇಲ್ಪದರದ ಹಿಡಿತ ಸಡಿಲಿಸುತ್ತದಂತೆ. ನಾಲ್ಕಾರು ದಿನದಲ್ಲಿ ಅದು ಹೊಟ್ಟಿನಂತೆ ಉದುರಿ ಹೊಸ ಚರ್ಮ ಕಾಣುತ್ತದಂತೆ. ಎಷ್ಟು ಆಳಕ್ಕಿಳಿಯುತ್ತದೆ ಎಂಬುದು ಆಸಿಡ್ ಎಷ್ಟು ಕಡು, ಎಷ್ಟು ಹೊತ್ತು ಬಿಟ್ಟಿರಿ ಎನ್ನುವುದರ ಮೇಲೆ. ಐದು ಪ್ರಶ್ನೆ ಮುಗಿದವು. "ಹಂಗಾದ್ರೆ ಮೇಡಂ, ಇದನ್ನ ಮನೇಲೇ ಮಾಡ್ಕಬಹುದಲ್ರೀ?" ಎಂದು ಕೊನೆಯ ಬಾಣ ಬಿಟ್ಟೆ.

ಅವರು ನನ್ನತ್ತ ನೋಡಲೇ ಇಲ್ಲ. ಅಕ್ಕನ ಕೈ ನೋಡುತ್ತಿದ್ದರು. "ಬೆರಳೆಲ್ಲ ಯಾಕಮ್ಮ ಇಷ್ಟು ಕಪ್ಪಾಗಿದಾವೆ?"

"ಅಡಿಕೆ ಬೇಯಿಸೋ ಚೊಗರು ರೀ. ತೊಳೆದ್ರೂ ಹೋಗಲ್ಲ."

"ಒಣಗ್ಸೋದೂ ನೀವೇನಾ?"

"ಹೂಂ ರೀ. ಬೆಳಗ್ಗಿಂದ ಸಂಜೆತನಕ ಕಣದಾಗೇ ಇರ್ತೀನಿ. ಆಗಾಗ ಕೈಯಾಡಿಸಬೇಕಲ್ರೀ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಈಗ ಮಾಡಲ್ಲ. ಹೊಸ ಚರ್ಮಕ್ಕೆ ಈ ಬಿಸಿಲು ಬಿದ್ರೆ ಕಲೆ ಇನ್ನೂ ಕಪ್ಪಾಗ್ತಾವೆ. ಸುಗ್ಗಿ ಮುಗಿಸ್ಕೊಂಡು ಬನ್ನಿ. ಅಲ್ಲೀತನಕ ಸನ್‌ಸ್ಕ್ರೀನ್ ಹಚ್ಚಿ, ಮುಖಕ್ಕೆ ಬಟ್ಟೆ ಕಟ್ಕೊಳ್ಳಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಬ್ಯಾಗಿನಿಂದ ಪುಟ್ಟ ಬಾಟಲಿ ತೆಗೆದಳು. ಸೀಲ್ ಒಡೆದಿರಲಿಲ್ಲ. "ನೀನು ಅವತ್ತು ಹೇಳಿದ್ದು ನಿಜ ಅನ್ನಿಸ್ತು, ಆ ಆಸಿಡ್ ಆನ್‌ಲೈನಲ್ಲಿ ತರಿಸಿದ್ದೆ. ನಾಳೆ ಬೆಳಗ್ಗೆ ಹಚ್ಕಂಡು ಕಣಕ್ಕೆ ಹೋಗಾನ ಅಂತಿದ್ದೆ. ಡಾಕ್ಟರಿಗೊಮ್ಮೆ ತೋರ್ಸಾನ ಅಂತ ತಂದ್ರೆ, ನೀನು ಬಾಯಿ ಬಿಡಾಕೆ ಕೊಟ್ರೆ ತಾನೆ!"

ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ. ಪ್ರಶ್ನೆ ಬರೆದ ಚೀಟಿ ಇನ್ನೂ ಕೈಯಲ್ಲೇ ಇತ್ತು. ಅಕ್ಕ ದಿನವಿಡೀ ಎಲ್ಲಿರುತ್ತಾಳೆ ಎಂಬುದು ಆ ಆರರಲ್ಲಿ ಎಲ್ಲೂ ಇರಲಿಲ್ಲ.

ಸುಗ್ಗಿ ಮುಗಿದ ಮೇಲೆ ಡಾಕ್ಟರಮ್ಮನೇ ಪೀಲ್ ಮಾಡಿದರು. ಕಲೆ ತಿಳಿಯಾಗಿವೆ, ಪೂರ್ತಿ ಹೋಗಿಲ್ಲ. ನಾನು ವಾದ ಬಿಟ್ಟಿಲ್ಲ. ಎದುರಿನವರು ತಟ್ಟನೆ ಸುಮ್ಮನಾದರೆ ಮಾತ್ರ ಈಗ ಗೆದ್ದೆ ಅಂದುಕೊಳ್ಳುವುದಿಲ್ಲ: "ಏನಾದ್ರೂ ತರಿಸಿಟ್ಟಿದ್ದೀರೇನ್ರೀ?" ಎಂದು ಕೇಳಿಬಿಡುತ್ತೇನೆ.