ಬೀಗಿತ್ತಿಯರ ದೋಣಿ

ನಿನ್ನ ಮದುವೆ ಸರಿಯಾಗಿ ಯಾವ ಗಳಿಗೆಯಲ್ಲಿ ಆಯಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಸುತ್ತಮುತ್ತ ನೋಡುತ್ತಿದ್ದೆ. ಅಮ್ಮ ಹತ್ತಿರದಲ್ಲಿದ್ದರೆ ಒಂದು ಉತ್ತರ, ಅತ್ತೆ ಇದ್ದರೆ ಇನ್ನೊಂದು. ಇಬ್ಬರೂ ಇರುವ ಪ್ರಸಂಗ ಬರದಂತೆ ದೇವರೇ ಕಾಪಾಡುತ್ತಿದ್ದ, ಏಕೆಂದರೆ ಅವರಿಬ್ಬರು ಒಂದು ಕಡೆ ಸೇರುತ್ತಲೇ ಇರಲಿಲ್ಲ.

ನಾನು ಮಧುಗಿರಿ ಕಡೆಯವಳು, ಗಂಡ ವಿಜಯವಾಡದವರು. ಮದುವೆಯೂ ವಿಜಯವಾಡದ ಒಂದು ಕಲ್ಯಾಣಮಂಟಪದಲ್ಲೇ ನಡೆಯಿತು. ತೆಲುಗರಲ್ಲಿ ಮುಹೂರ್ತದ ಗಳಿಗೆಗೆ ಸರಿಯಾಗಿ ಹುಡುಗ ಹುಡುಗಿ ಒಬ್ಬರ ನೆತ್ತಿಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಎರಡನ್ನೂ ಕುಟ್ಟಿ ಮುದ್ದೆ ಮಾಡಿ ವೀಳ್ಯದೆಲೆಯಲ್ಲಿಟ್ಟು ಒತ್ತುವುದು. ಅವರ ಪ್ರಕಾರ ಮದುವೆ ಆಗುವುದು ಆಗಲೇ, ತಾಳಿಯೆಲ್ಲ ಆಮೇಲಿನ ಮಾತು. ನಮ್ಮಲ್ಲಿ ಧಾರೆ ಎರೆದಾಗ ಮದುವೆ. ಎರಡೂ ಕಡೆಯ ಪುರೋಹಿತರು ಮೊದಲೇ ಕೂತು ಮಾತಾಡಿ ರಾಜಿಯಾಗಿದ್ದರು, ಮೊದಲು ಬೆಲ್ಲ, ಅದರ ಹಿಂದೆಯೇ ಧಾರೆ ಎಂದು. ಅಮ್ಮ ಮಾತ್ರ ರಾಜಿಯಾಗಿರಲಿಲ್ಲ. ಗಟ್ಟಿಮೇಳ ಶುರುವಾದದ್ದೇ ತಡ, ನನ್ನ ಮಗಳ ಮುಹೂರ್ತ ತಪ್ಪಿತಲ್ಲ ಎಂದು ಗಾಬರಿಯಾಗಿ ಗಿಂಡಿ ಬಗ್ಗಿಸಿಯೇಬಿಟ್ಟಳು. ಎಲೆ ಇನ್ನೂ ನಮ್ಮ ಕೈಯಲ್ಲೇ ಇತ್ತು. ಬೆಲ್ಲ ಕರಗಿ ನನ್ನ ಮೊಣಕೈವರೆಗೆ ಹರಿಯಿತು.

"ನೀಳ್ಳು ಪೋಸಿ ಮುಹೂರ್ತಮೇ ಕಡಿಗೇಶಾರು" ಎಂದರು ಅತ್ತೆ, ನೀರು ಸುರಿದು ಮುಹೂರ್ತವನ್ನೇ ತೊಳೆದುಬಿಟ್ಟರು ಎಂದು. ಮಂಟಪದ ಕೊನೆಯ ಸಾಲಿಗೂ ಕೇಳಿಸಿತು.

ಅಮ್ಮ ಬಿಡುತ್ತಾಳೆಯೇ? "ಬೆಲ್ಲ ಮೆತ್ತಿದ್ರೆ ಮದ್ವೆ ಆಗಲ್ಲ, ಇರುವೆ ಬರ್ತವೆ ಅಷ್ಟೆ" ಎಂದಳು.

ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಬೀಗಿತ್ತಿಯರು ಒಬ್ಬರನ್ನೊಬ್ಬರು ಅತ್ತಿಗೆ ಎಂದು ಕರೆಯುವುದು ವಾಡಿಕೆ, ತೆಲುಗಿನಲ್ಲಿ ವದಿನ. ಇವರಿಬ್ಬರ ಬಾಯಲ್ಲಿ ಮಾತ್ರ "ನಿಮ್ಮಮ್ಮ", "ನಿಮ್ಮತ್ತೆ". ನಾವು ವಿಶಾಖಪಟ್ಟಣದಲ್ಲಿ ಸಂಸಾರ ಹೂಡಿದ್ದೆವು. ಅಮ್ಮ ಬಂದಾಗ ಅತ್ತೆ ಬರುತ್ತಿರಲಿಲ್ಲ, ಅತ್ತೆ ಬಂದಾಗ ಅಮ್ಮನಿಗೆ ಮಂಡಿನೋವು. ಬೊರ್ರಾ ಗುಹೆಯನ್ನು ನಾನು ಇಬ್ಬರಿಗೂ ಬೇರೆ ಬೇರೆಯಾಗಿ ತೋರಿಸಬೇಕಾಯಿತು, ಸಿಂಹಾಚಲಂ ಬೆಟ್ಟವನ್ನೂ ಹಾಗೆಯೇ. ಅಲ್ಲಿನ ನರಸಿಂಹಸ್ವಾಮಿಗೆ ನನ್ನ ಮುಖದ ಗುರುತು ಹತ್ತಿರಬೇಕು.

ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ನಾವು ಅದೇ ಊರಿನ ಋಷಿಕೊಂಡದ ಹತ್ತಿರ ಒಂದು ಪುಟ್ಟ ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ದಿನವೂ ಗೊತ್ತಾಯಿತು. ಆಗ ಅಮ್ಮ ಫೋನಿನಲ್ಲಿ, "ನಿಮ್ಮತ್ತೆ ಹಾಲು ಉಕ್ಕಿಸೋದಾದ್ರೆ ನನ್ನ ಕರೀಬೇಡ" ಎಂದಳು. ಅತ್ತೆ ಅದನ್ನೇ ತೆಲುಗಿನಲ್ಲಿ ಹೇಳಿದರು, ಇನ್ನೂ ಸ್ವಲ್ಪ ಗೌರವವಾಗಿ. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು. ಇಬ್ಬರಲ್ಲಿ ಒಬ್ಬರು ಇಲ್ಲದೆ ಆ ಹೊಸ್ತಿಲು ದಾಟಲು ನನಗೆ ಮನಸ್ಸಿರಲಿಲ್ಲ. ದಾಟುವುದಿಲ್ಲ, ಬಾಡಿಗೆ ಮನೆಯಲ್ಲೇ ಸಾಯುತ್ತೇನೆ ಎಂದು ಗಂಡನ ಹತ್ತಿರ ರಂಪ ಮಾಡಿದೆ.

ಗಂಡ ದುವ್ವಾಡದ ಒಂದು ಔಷಧ ಕಂಪನಿಯಲ್ಲಿದ್ದರು. ಎರಡು ರಾಸಾಯನಿಕಗಳನ್ನು ಒಂದೇ ಪಾತ್ರೆಗೆ ಹಾಕಿ ಬಿಸಿ ಮಾಡಿದರೆ ಏನಾದರೂ ಆಗಿಯೇ ಆಗುತ್ತದೆ ಎಂಬುದು ಅವರ ನಂಬಿಕೆ. ಅಮ್ಮಂದಿರಿಗೆ ಪರದೇಶ ತೋರಿಸುವ ನೆಪದಲ್ಲಿ ನಾಲ್ಕು ಟಿಕೆಟ್ ತೆಗೆಸಿದರು, ಥಾಯ್ಲೆಂಡಿನ ಫುಕೆಟ್‌ಗೆ. ವಿಮಾನ ಹತ್ತುವ ಆಸೆ ಇಬ್ಬರಿಗೂ ಇದ್ದದ್ದರಿಂದ ಇಬ್ಬರೂ ಮೂತಿ ಊದಿಸಿಕೊಂಡೇ ಒಪ್ಪಿದರು. ಇನ್ನೇನು ಹೊರಡಬೇಕು ಎನ್ನುವಾಗ ಕಾರ್ಖಾನೆಗೆ ತಪಾಸಣೆಯವರು ಬರುತ್ತಾರೆಂದು ಗಂಡ ಕೈ ಎತ್ತಿಬಿಟ್ಟರು. ಪಾತ್ರೆಯ ಜೊತೆ ಒಲೆಯ ಮುಂದೆ ನಾನೊಬ್ಬಳೇ ಉಳಿದೆ.

ಹೋಟೆಲಿನಲ್ಲಿ ಒಂದೇ ಕೋಣೆ, ಮೂರು ಮಂಚ. ನಡುವಿನದು ನನ್ನದು.

"ನಿಮ್ಮತ್ತೆಗೆ ಹೇಳು, ಫ್ಯಾನ್ ಕಮ್ಮಿ ಮಾಡ್ಲಿ."

ನಾನು ಅದನ್ನು ತೆಲುಗಿಗೆ ತಿರುಗಿಸಿ ಅತ್ತೆಗೆ ಹೇಳುತ್ತಿದ್ದೆ. ಅವರು ಉತ್ತರವನ್ನು ನನಗೆ ಕೊಡುತ್ತಿದ್ದರು. ತಮಾಷೆಯೆಂದರೆ, ಮಧುಗಿರಿ ಆಂಧ್ರದ ಗಡಿಯ ಪಕ್ಕದ ಊರು; ಅಮ್ಮನಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಅದು ಅತ್ತೆಗೂ ಗೊತ್ತಿತ್ತು. ಆದರೂ ನಾನು ನಡುವೆ ನಿಂತು ತಲೆ ಚಿಟ್ಟು ಹಿಡಿಸಿಕೊಳ್ಳುತ್ತಿದ್ದೆ. ಊಟದ ಹೊತ್ತಿಗೆ ಅತ್ತೆಯ ಆವಕಾಯಿ ಉಪ್ಪಿನಕಾಯಿ ಒಂದು ತುದಿಯಲ್ಲಿ, ಅಮ್ಮನ ಚಟ್ನಿಪುಡಿ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದವು. ಎರಡನ್ನೂ ಸಮನಾಗಿ ತಿನ್ನುವುದು ನನ್ನ ಪಾಲಿನ ಕರ್ತವ್ಯ.

ಮರುದಿನ ಅಲ್ಲಿನ ಕೊಲ್ಲಿ ನೋಡಲು ಹೋದೆವು. ದೊಡ್ಡ ದೋಣಿ ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಎದುರಿಗೆ ದ್ವೀಪಗಳು ಎದ್ದವು. ನಾನು ದ್ವೀಪವೆಂದರೆ ಮರಳು, ತೆಂಗಿನಮರ ಎಂದುಕೊಂಡಿದ್ದೆ. ಇವು ನಿಂತ ಕಲ್ಲುಗಳು, ಹಸಿರು ಸಮುದ್ರದಿಂದ ನೇರ ಮೇಲಕ್ಕೆ ಎದ್ದ ಸುಣ್ಣದ ಕಲ್ಲಿನ ಬೆಟ್ಟಗಳು. ಮೈತುಂಬ ಗಿಡಬಳ್ಳಿ, ಒಂದೊಂದು ಕಡೆ ಮಾತ್ರ ಬಿಳಿಕಲ್ಲು ಬತ್ತಲೆ. ಅತ್ತೆ ಥಟ್ಟನೆ ಕೈಮುಗಿದರು. ವರ್ಷವೆಲ್ಲ ಗಂಧ ಮೆತ್ತಿಕೊಂಡು ಒಂದು ದಿನ ಮಾತ್ರ ನಿಜರೂಪ ತೋರಿಸುವ ಸಿಂಹಾಚಲದ ಸ್ವಾಮಿಯೇ ನೆನಪಾದನಂತೆ. ಅಮ್ಮ ನನ್ನ ಕಿವಿಯಲ್ಲಿ, "ನಮ್ಮ ಮಧುಗಿರಿ ಬೆಟ್ಟದ ಮುಂದೆ ಇದ್ಯಾವ ಲೆಕ್ಕ" ಎಂದಳು. ಆಮೇಲೆ ಅದು ಸುಣ್ಣದ ಕಲ್ಲೆಂದು ತಿಳಿದು, "ಇಷ್ಟೊಂದು ಸುಣ್ಣ! ಎಲೆ ಅಡಿಕೆ ಹಾಕೋರೇ ಇಲ್ವೇನೇ ಈ ಊರಲ್ಲಿ?" ಎಂದು ಮರುಗಿದಳು. ಅತ್ತೆಯ ತುಟಿ ಒಂದು ಚೂರು ಅಲುಗಿದ್ದನ್ನು ನಾನು ನೋಡಿದೆ. ನಕ್ಕರೆಂದು ಪ್ರಮಾಣ ಮಾಡಲಾರೆ.

ಆ ಬೆಟ್ಟಗಳ ಬುಡದಲ್ಲಿ ಸಮುದ್ರದ ನೀರು ನುಗ್ಗುವ ಗುಹೆಗಳಿದ್ದವು, ಅವುಗಳೊಳಗೆ ದೊಡ್ಡ ದೋಣಿ ಹೋಗುವುದಿಲ್ಲ. ಗಾಳಿ ತುಂಬಿದ ರಬ್ಬರ್ ದೋಣಿಗಳನ್ನು ನೀರಿಗಿಳಿಸಿದರು. ಒಂದರಲ್ಲಿ ಇಬ್ಬರು ಪ್ರವಾಸಿಗರು, ಅವರ ಹಿಂದೆ ಹುಟ್ಟು ಹಾಕುವವನು. ನಾವು ಮೂವರು. ನಾನು ಅಮ್ಮನ ಜೊತೆ ಕೂತರೆ ವಿಜಯವಾಡದಲ್ಲಿ ಅದು ದೊಡ್ಡ ಸುದ್ದಿ, ಅತ್ತೆಯ ಜೊತೆ ಕೂತರೆ ಅಮ್ಮ ಜನ್ಮವಿಡೀ ಹೇಳಿಕೊಂಡು ತಿರುಗುತ್ತಾಳೆ. ಜೀವ ಗಟ್ಟಿ ಮಾಡಿಕೊಂಡು, "ನೀವಿಬ್ಬರೂ ಅದರಲ್ಲಿ ಕೂತ್ಕೊಳ್ಳಿ" ಎಂದು ಎರಡು ಭಾಷೆಯಲ್ಲೂ ಹೇಳಿ, ಯಾರೋ ಅಪರಿಚಿತ ಹೆಂಗಸಿನ ಪಕ್ಕ ಹೋಗಿ ಕೂತೆ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು, ನೆರಿಗೆ ಮುದುರಿ ಹಿಡಿದು, ಇಬ್ಬರೂ ಒಂದೊಂದು ದಿಕ್ಕು ನೋಡುತ್ತ ಕೂತರು. ಅಮ್ಮ ನನ್ನತ್ತ ಬೀರಿದ ನೋಟ ಈಗಲೂ ಮರೆತಿಲ್ಲ.

ಗುಹೆಯ ಬಾಯಿ ಎಷ್ಟು ತಗ್ಗೆಂದರೆ, ಕೂತು ಹೋಗಲಾಗದು. ಉಬ್ಬರ ಬಂದರೆ ಪೂರ್ತಿ ಮುಚ್ಚಿಹೋಗುತ್ತದಂತೆ. ಹುಟ್ಟು ಹಾಕುವವನು ಅಂಗೈ ಕೆಳಗೆ ಮಾಡಿ ಮಲಗಿ ಮಲಗಿ ಎಂದು ಸನ್ನೆ ಮಾಡಿದ. ಬೇರೆ ದಾರಿಯಿಲ್ಲದೆ ಬೀಗಿತ್ತಿಯರು ಮಲಗಿದರು. ಅಷ್ಟು ಕಿರಿದಾದ ದೋಣಿಯಲ್ಲಿ ಅಮ್ಮನ ತಲೆ ಅತ್ತೆಯ ಮಡಿಲಿಗೆ ಬಂತು. ಅವರ ದೋಣಿ ನನ್ನ ಮುಂದೆಯೇ ಕತ್ತಲೆಯೊಳಗೆ ಹೋಯಿತು. ಮೂಗಿನ ಮೇಲೆಯೇ ಕಲ್ಲು ಸರಿಯುತ್ತಿತ್ತು, ಬಾವಲಿಗಳ ವಾಸನೆ, ಕಲ್ಲಿಗೆ ರಬ್ಬರು ಉಜ್ಜುವ ಸದ್ದು. ಮುಂದಿನಿಂದ ಅಮ್ಮನ "ರಾಮ ರಾಮ" ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಇವರಿಬ್ಬರನ್ನು ಯಾಕಾದರೂ ಕರೆತಂದೆನೋ ಎಂದುಕೊಂಡೆ.

ಆಚೆ ಬದಿ ಬೆಳಕು. ಬೆಟ್ಟದ ಹೊಟ್ಟೆಯೊಳಗೇ ಒಂದು ಕೊಳ, ಸುತ್ತಲೂ ಎತ್ತರದ ಗೋಡೆ, ಮೇಲೆ ದುಂಡಗೆ ಕತ್ತರಿಸಿದಂತೆ ಆಕಾಶ. ಸೂರಿಲ್ಲದ ದೊಡ್ಡ ಮನೆಯೊಂದರ ಅಂಗಳಕ್ಕೆ ಬಂದಂತಿತ್ತು. ಆದರೆ ನಾನು ಅದನ್ನೆಲ್ಲ ನೋಡಿದ್ದು ಆಮೇಲೆ. ಮೊದಲು ಕಂಡದ್ದು, ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡುತ್ತಿದ್ದ ಅಮ್ಮ. ಅವಳ ಹಣೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬೆನ್ನು ನೀವುತ್ತಿದ್ದವರು ಅತ್ತೆ.

ನನ್ನ ದೋಣಿ ಹತ್ತಿರ ಹೋಗುವಷ್ಟರಲ್ಲಿ ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಚೀಲ ಬಿಚ್ಚಿದ್ದರು. ಪಿತ್ತಕ್ಕೆ ಒಳ್ಳೆಯದೆಂದು ಪ್ರಯಾಣದಲ್ಲಿ ಅವರು ತಪ್ಪದೆ ಇಟ್ಟುಕೊಳ್ಳುತ್ತಿದ್ದದ್ದು, ಚೂರು ಬೆಲ್ಲ, ಹಿಡಿ ಜೀರಿಗೆ. ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡು ಹೆಬ್ಬೆರಳಿನಿಂದ ಚೆನ್ನಾಗಿ ನಾದಿದರು. ಮುದ್ದೆಯಾದ ಮೇಲೆ ಅಮ್ಮನ ಗಲ್ಲ ಹಿಡಿದೆತ್ತಿ ಬಾಯಿಗೆ ಇಟ್ಟರು. ಅಮ್ಮ ಕಣ್ಣು ಮುಚ್ಚಿಕೊಂಡು, ಬೈದಾರೆಂದು ಹೆದರಿದ ಮಗುವಿನ ಹಾಗೆ ಚಪ್ಪರಿಸಿದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಯಾವ ಭಾಷೆಯಲ್ಲಿ ಹೇಳಬೇಕೆಂದು ತೋಚಲಿಲ್ಲ.

ಅಮ್ಮನ ಮುಖಕ್ಕೆ ನಿಧಾನವಾಗಿ ಬಣ್ಣ ಮರಳಿತು. ಕಣ್ಣು ಬಿಟ್ಟು ನೋಡಿದರೆ, ಅತ್ತೆಯ ಬಲಗೈ ಬೆಲ್ಲದಿಂದ ಅಂಟಂಟಾಗಿದೆ, ಸೀರೆಗೆ ತಗುಲೀತೆಂದು ಅವರು ಅದನ್ನು ಆಚೆ ಹಿಡಿದುಕೊಂಡಿದ್ದಾರೆ. ಅಮ್ಮ ಪಕ್ಕದಲ್ಲಿದ್ದ ಕುಡಿಯುವ ನೀರಿನ ಬಾಟಲಿ ಎತ್ತಿಕೊಂಡಳು. ಮುಚ್ಚಳ ತಿರುಗಿಸಿ ಅತ್ತೆಯ ಅಂಗೈ ಮೇಲೆ ಸಣ್ಣಗೆ ನೀರು ಬಿಟ್ಟಳು. ಬೆಲ್ಲ ಕರಗಿ, ಕಂದು ನೀರು ಅವರ ಮೊಣಕೈವರೆಗೆ ಇಳಿದು ಕೊಳಕ್ಕೆ ತೊಟ್ಟಿಕ್ಕಿತು.

ಮೂವರಿಗೂ ಒಟ್ಟಿಗೇ ಅರ್ಥವಾಯಿತು. ಅಮ್ಮನ ಕೈಯಲ್ಲಿ ಬಾಟಲಿ ಹಾಗೇ ನಿಂತಿತ್ತು.

"ಮಳ್ಳೀ ನಾ ಬೆಲ್ಲಂ ಕಡಿಗೇಶಾರು ಕದಾ, ವದಿನಾ!" ಎಂದರು ಅತ್ತೆ. ಮತ್ತೆ ನನ್ನ ಬೆಲ್ಲ ತೊಳೆದುಬಿಟ್ಟಿರಲ್ಲ ಅತ್ತಿಗೆ ಎಂದು.

ಅಮ್ಮ ಒಂದು ಕ್ಷಣ ಅವರ ಮುಖ ನೋಡಿದಳು. ಆಮೇಲೆ ನಕ್ಕಳು ನೋಡಿ, ಆ ಕಲ್ಲುಗೋಡೆಗಳೆಲ್ಲ ಅವಳ ನಗುವನ್ನು ಹಿಂದಕ್ಕೆ ಕೊಟ್ಟವು. ನಗುತ್ತಲೇ ಅಚ್ಚ ತೆಲುಗಿನಲ್ಲಿ, ಈ ಸಲ ಬೆಲ್ಲ ಮೊದಲು ಬಂತು ವದಿನಾ, ನೀರು ಆಮೇಲೆ ಬಂತು, ಪುರೋಹಿತರು ಹೇಳಿದ ಹಾಗೇ ಆಯಿತು ಎಂದಳು. ಅತ್ತೆ ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗತೊಡಗಿದರು. ದೋಣಿ ಅಲ್ಲಾಡಿತು. ಹುಟ್ಟು ಹಾಕುವವನು ಗಾಬರಿಯಿಂದ ಮಲಗಿ ಮಲಗಿ ಎಂದು ಮತ್ತೆ ಸನ್ನೆ ಮಾಡಿದ. ನೀರು ಏರುತ್ತಿತ್ತು, ಗುಹೆ ಮುಚ್ಚುವ ಮೊದಲು ನಾವು ಹೊರಗೆ ಹೋಗಬೇಕಿತ್ತು. ಈ ಸಲ ಅಮ್ಮ ಯಾರೂ ಹೇಳದೆಯೇ ಅತ್ತೆಯ ಮಡಿಲಿಗೆ ತಲೆಯಿಟ್ಟಳು.

ಸಂಜೆ ನಾನು ಕೆಳಗೆ ಹೋಗಿ ಕೋಣೆಗೆ ವಾಪಸ್ ಬರುವಷ್ಟರಲ್ಲಿ ನನ್ನ ಮಂಚ ಗೋಡೆಯ ಪಕ್ಕಕ್ಕೆ ಸರಿದಿತ್ತು. ಈಗ ನಡುವಿಗೆ ಬಂದಿದ್ದ ಅತ್ತೆಯ ಮಂಚದಲ್ಲಿ ಇಬ್ಬರೂ ಕೂತು, ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವ ವಿಚಾರ ತೆಗೆದಿದ್ದರು. ಒಲೆ ಹಚ್ಚುವುದು ಯಾರು, ಪಾತ್ರೆ ಇಡುವುದು ಯಾರು, ಬೆಲ್ಲ ಎಷ್ಟು, ಅಕ್ಕಿ ಎಷ್ಟು, ಎಲ್ಲ ತೆಲುಗಿನಲ್ಲಿ, ಮಧ್ಯೆ ಮಧ್ಯೆ ಅಮ್ಮನ ಕನ್ನಡ. ಅಭ್ಯಾಸಬಲದಿಂದ ನಾನು ನಡುವೆ ಹೋಗಿ, "ಅಮ್ಮ ಹೇಳ್ತಿರೋದು ಏನಂದ್ರೆ ಅತ್ತೆ..." ಎಂದು ಶುರು ಮಾಡಿದೆ.

"ನೀನ್ ಸುಮ್ನಿರೇ" ಎಂದಳು ಅಮ್ಮ. "ನಾವು ಮಾತಾಡ್ತಿದೀವಲ್ಲ."

ನಾನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಕೇಳಿಸದಿರಲಿ ಎಂದು ನಲ್ಲಿ ಜೋರಾಗಿ ಬಿಟ್ಟು, ಮನಸಾರೆ ಕಣ್ಣೀರು ಹಾಕಿದೆ.