ಬಾಟಲಿಯ ಮೇಲೆ ಮೂರು ಗೆರೆ

ಸಂಶಯ ನನ್ನ ಹುಟ್ಟುಗುಣ. ಹಾಲು ಹಾಕುವವನ ಮೇಲೆ, ತರಕಾರಿ ತೂಗುವವಳ ಮೇಲೆ, ಕಡೆಗೆ ಥರ್ಮಾಮೀಟರಿನ ಮೇಲೂ. ಒಂದನ್ನೇ ನಂಬಲಾರದೆ ಮನೆಯಲ್ಲಿ ಎರಡು ಇಟ್ಟಿದ್ದೇನೆ. "ನಿನಗ ಕಾಮಾಲಿ ಕಣ್ಣು, ಕಂಡದ್ದೆಲ್ಲಾ ಹಳದಿ" ಎಂದು ಗಂಡ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಜ್ವರ ಬಂದಾಗ ಓಡಿ ಬರುವುದು ನನ್ನ ಹತ್ತಿರವೇ.

ನಾದಿನಿ ದಿಲ್ಲಿಯಲ್ಲಿ ಹಡೆದಳು. ಕೂಸನ್ನು ನೋಡಲೇಬೇಕೆಂದು ಅತ್ತೆ ಹಟ ಹಿಡಿದರು. ಅವರ ಎಡಗಾಲಿನ ನರದಲ್ಲಿ ಆರು ತಿಂಗಳ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ನಾವಿರುವ ಪಣಜಿಯ ಡಾಕ್ಟರು ಬೆಳಗಾವಿ ಕಡೆಯವರು, ಬಿಡಿಸಿ ಹೇಳಿದರು: "ವಿಮಾನಕ್ಕ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನೀರು ಕುಡೀತಾ ಇರಬೇಕು, ತಾಸಿಗೊಮ್ಮೆ ಎದ್ದು ಅಡ್ಡಾಡಬೇಕು. ಮತ್ತ ಹೆಪ್ಪುಗಟ್ಟಿ ಅದು ಎದಿಗೆ ಹೋತಂದ್ರ ಜೀವಕ್ಕ ಕುತ್ತು." ಗಂಡ ತಲೆಯಾಡಿಸಿದರು. ನಾನು ಅವತ್ತೇ ನಿರ್ಧರಿಸಿದೆ, ಈ ಪ್ರಯಾಣದಲ್ಲಿ ಯಾರನ್ನೂ ನಂಬುವುದಿಲ್ಲ.

ಟ್ಯಾಕ್ಸಿಯಿಂದಲೇ ಶುರುವಾಯಿತು. ಮಾಂಡವಿ ಸೇತುವೆ ದಾಟುವಷ್ಟರಲ್ಲಿ ಡ್ರೈವರ್ ಎರಡು ಸಲ ಸೀನಿದ. ನಾನು ಕಿಟಕಿ ಇಳಿಸಿದೆ. "ಮ್ಯಾಡಂ, ಏಸಿ ಚಾಲೂ ಹೈ" ಎಂದ. "ಬಂದ್ ಕರೋ" ಎಂದೆ. ಧೂಳಿಗೆ ಸೀನು ಬಂತು, ನೆಗಡಿಯಲ್ಲ ಎಂದು ಆಣೆ ಮಾಡಿದ. ಆಣೆ ಮಾಡಿದ ಮೇಲಂತೂ ನನ್ನ ಸಂಶಯ ಗಟ್ಟಿಯಾಯಿತು.

ವಿಮಾನ ನಿಲ್ದಾಣದ ನಲ್ಲಿ ನೀರಿನ ಮೇಲೂ ನಂಬಿಕೆ ಬರಲಿಲ್ಲ. ತಪಾಸಣೆ ಮುಗಿದ ಮೇಲೆ ಅಂಗಡಿಯಲ್ಲಿ ಎರಡು ಬಾಟಲಿ ಕೊಂಡು, ಬುಡಮೇಲು ಮಾಡಿ ಹಿಂಡಿ, ಮುಚ್ಚಳದ ಸೀಲು ನೋಡಿದೆ. ಮಗಳ ಸ್ಕೆಚ್ ಪೆನ್ನಿನಿಂದ ಒಂದು ಬಾಟಲಿಯ ಮೇಲೆ ಮೂರು ಗೆರೆ ಎಳೆದೆ. ಇಷ್ಟು ಹೊತ್ತಿಗೆ ಇಲ್ಲಿಯವರೆಗೆ ಕುಡಿಯಬೇಕು ಎಂದು ಅತ್ತೆಗೆ ತೋರಿಸಿದೆ. "ಆತವಾ, ಕುಡೀತೀನಿ" ಎಂದರು. ಅಷ್ಟು ಬೇಗ ಒಪ್ಪಿದ್ದು ನೋಡಿಯಾದರೂ ನಾನು ಅನುಮಾನಪಡಬೇಕಿತ್ತು.

ವಿಮಾನದಲ್ಲಿ ಎಂಟು ವರ್ಷದ ಮಗಳು ಕಿಟಕಿ ಹಿಡಿದಳು. ನಡುವೆ ಅತ್ತೆ, ಈಚೆ ನಾನು, ಸೀಟುಗಳ ನಡುವಿನ ಓಣಿಯ ಆಚೆ ಗಂಡ. ಸೀಟಿನ ಕೈ, ಬೆಲ್ಟು, ಊಟದ ಹಲಗೆ ಎಲ್ಲ ಒರೆಸಿದೆ. ಹಿಂದಿನ ಸೀಟಿನಲ್ಲಿ ಸಮುದ್ರದ ಬಿಸಿಲಿಗೆ ಕೆಂಪಾದ ಪ್ರವಾಸಿಯೊಬ್ಬ ಖೊಕ್ ಖೊಕ್ ಕೆಮ್ಮುತ್ತಿದ್ದ. ಅತ್ತೆಗೂ ಮಗಳಿಗೂ ಮಾಸ್ಕ್ ಹಾಕಿಸಿ, ಹಿಂದಿರುಗಿ ಅವನನ್ನು ದುರುಗುಟ್ಟಿ ನೋಡಿದೆ. ಅವನು ಪಾಪ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡ. ಬಾಯಿ ಮುಚ್ಚಿಯೂ ಕೆಮ್ಮಿದ.

ಅವನ ಕಡೆ ತಿರುಗಿ ತಿರುಗಿ ನೋಡುವ ನಡುವೆ ಕಣ್ಣು ಹಾಯಿಸಿದರೆ, ಬಾಟಲಿ ಲೆಕ್ಕದಂತೆ ಇಳಿಯುತ್ತಿತ್ತು. ಮೊದಲ ಗೆರೆ ಆಯಿತು, ಎರಡನೆಯದೂ ಆಯಿತು. ಆದರೆ ಅತ್ತೆ ಕೂತಲ್ಲಿಂದ ಏಳಲಿಲ್ಲ. "ಒಂದೀಟು ಅಡ್ಡಾಡಿ ಬರೋಣ ಬರ್ರಿ" ಎಂದರೆ, "ಆಮ್ಯಾಲ ಹೋಗೂಣಂತ, ಪಾರಿ ಮಲಗೇತಿ" ಎಂದರು. ಮಗಳು ಎಲ್ಲಿ ಮಲಗಿದ್ದಳು? ಆಗಲೇ ಎರಡು ಸಲ ನಮ್ಮ ಮೊಣಕಾಲು ದಾಟಿ ಶೌಚಕ್ಕೆ ಹೋಗಿ ಬಂದಿದ್ದಳು. ಈಗ ಮೂರನೆಯ ಸಲ ಎದ್ದಳು. ನಿಲ್ದಾಣದಲ್ಲಿ ಗಂಡ ಕೊಡಿಸಿದ ಸ್ಯಾಂಡ್‌ವಿಚ್ಚೇ ಕಾರಣ ಎಂದುಕೊಂಡು ಅವಳ ಹಿಂದೆಯೇ ಹೋದೆ.

"ಹೊಟ್ಟಿ ಕೆಟ್ಟೈತೇನ? ಖರೇ ಹೇಳು."

"ಇಲ್ಲಮ್ಮ."

"ಮತ್ತ ಯಾಕ ಇಷ್ಟ ಸಲ?"

ನೀರಿನ ಮಾತು ನಾನು ಎತ್ತದಿದ್ದರೂ ಅವಳು ಬಾಯಿ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ಅಜ್ಜಿ ನೀರು ನಾನ ಕುಡದೆ. ನಿನಗ ಹೇಳಬ್ಯಾಡ ಅಂದಾರ."

ಸಿಟ್ಟು ನೆತ್ತಿಗೇರಿತು. ವಾಪಸು ಬಂದು ಅತ್ತೆಯ ಮಾಸ್ಕ್ ಸರಿಸಿದರೆ ತುಟಿಗಳು ಒಣಗಿ ಬಿರಿದಿದ್ದವು. "ಕಾಲು ನೋಯಾಕತ್ತೇತೇನ್ರಿ?"

"ಸ್ವಲ್ಪ ಜಗ್ಗಿದಂಗ ಆಗೇತಿ."

"ಏನ್ರಿ ಇದು! ಜೀವದ ಜೋಡಿ ಆಟ ಆಡ್ತೀರೇನು?"

ಕಾರಣ ನನಗೆ ಗೊತ್ತೆಂದೇ ತಿಳಿದಿದ್ದೆ. ನಮ್ಮ ಕಡೆಯ ಹೆಂಗಸರು ಬಸ್ಸು ಹತ್ತುವ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಘಾಟಿನ ನಡುವೆ ಬಸ್ಸು ನಿಲ್ಲಿಸಿರೆಂದು ಯಾವ ಬಾಯಿಯಿಂದ ಕೇಳುವುದು? ನನ್ನ ಅವ್ವನೂ ಹಾಗೆಯೇ ಮಾಡುತ್ತಿದ್ದಳು. "ಇದು ಬಸ್ಸಲ್ರಿ, ಹಿಂದ ಸಂಡಾಸ ಐತಿ" ಎಂದು ಗದರಿದೆ.

ಅತ್ತೆ ದನಿ ತಗ್ಗಿಸಿದರು. "ಗೊತ್ತೈತವಾ. ಹ್ವಾದ ಸಲ ವಿಮಾನದಾಗ ನಾ ಮೂರು ಸಲ ಎದ್ದಿದ್ದೆ. ಎಷ್ಟ ಸಲ ಏಳತೀರಿ, ಮಂದಿ ನೋಡಾಕತ್ತಾರ ಅಂದಿದ್ದಿ. ನಿನಗ ಮತ್ತ ಯಾಕ ತ್ರಾಸ ಅಂತ..."

ಹೌದು, ಅಂದಿದ್ದೆ. ಎರಡು ವರ್ಷದ ಹಿಂದೆ, ಹೈದರಾಬಾದಿಗೆ ಹೋಗುವಾಗ. ನಾನು ಮರೆತಿದ್ದೆ. ಅವರು ಮರೆತಿರಲಿಲ್ಲ.

ಎರಡನೆಯ ಬಾಟಲಿ ತೆರೆದು ಕೊಟ್ಟೆ, ಕುಡಿದರು. ಕೈ ಹಿಡಿದು ಎಬ್ಬಿಸಿ ಓಣಿಯುದ್ದಕ್ಕೂ ನಡೆಸಿದೆ. ಕೆಮ್ಮುವವನು ಚಾಚಿದ್ದ ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟ. ಶೌಚದ ಬಾಗಿಲ ಹೊರಗೆ ನಾನೇ ಕಾವಲು ನಿಂತೆ. ಇಳಿಯುವ ತನಕ ಅವರ ಕಾಲನ್ನು ಮುಟ್ಟಿ ಮುಟ್ಟಿ ನೋಡಿದೆ. ಮನೆದೇವರಿಗೆ ಹರಕೆಯನ್ನೂ ಹೊತ್ತೆ.

ದಿಲ್ಲಿಯಲ್ಲಿ ಇಳಿದು ಕೂಸಿನ ಮನೆಗೆ ಹೋಗದೆ ನೇರ ಆಸ್ಪತ್ರೆಗೆ ಹೋದೆವು. ಕಾಲಿನ ಸ್ಕ್ಯಾನ್ ಮಾಡಿ, ಹೆಪ್ಪು ಏನೂ ಇಲ್ಲ, ಕೂತು ಕೂತು ಹಿಡಿದಿದೆ ಎಂದರು. ಭಯ ಇಳಿದದ್ದೇ ತಡ, ಗಂಡನಿಗೆ ಸಿಟ್ಟು ಬಂತು. "ಅಷ್ಟು ಬಡಕೊಂಡ್ರೂ ನೀರು ಯಾಕ ಕುಡೀಲಿಲ್ಲಬೇ ಅವ್ವಾ?"

ನಾನೇ ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ.

"ನೀರಡಿಕಿನ ಆಗಿದ್ದಿಲ್ಲಪಾ" ಎಂದರು.

ಗಂಡ ನಂಬಿದರು. ನಾನು ಬಗ್ಗಿ, ಮಂಚದ ಕೆಳಗೆ ಅತ್ತೆಯ ಚಪ್ಪಲಿ ಹುಡುಕತೊಡಗಿದೆ.