ಡ್ರಮ್ಮಿನಲ್ಲೊಬ್ಬ ಬೇಟೆಗಾರ

ಕುಮಾರಸ್ವಾಮಿ ಲೇಔಟಿನ ನಮ್ಮ ಬೀದಿಯಲ್ಲಿ ಯಾರಾದರೂ ಸೊಳ್ಳೆಯನ್ನು ಪಟ್ಟನೆ ಹೊಡೆದರೆ ಈಗ ನಾನು ತಲೆ ತಗ್ಗಿಸಿಕೊಂಡು ಹೋಗುತ್ತೇನೆ. ಏಟು ನನಗೇ ಬಿದ್ದಂತಿರುತ್ತದೆ.

ಭಾನುವಾರ ರಂಗಸ್ವಾಮಿ ಮೇಷ್ಟ್ರ ಹಿಂದೆ ಗೊಟ್ಟಿಗೆರೆ ಕಡೆಯ ಜೌಗಿಗೆ ಹೋಗುವುದು ನನ್ನ ಚಟ. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಅವರಿಗೆ ಯುಟ್ರಿಕ್ಯುಲೇರಿಯಾ ಎಂಬ ಹುಳ ತಿನ್ನುವ ನೀರುಗಿಡವೆಂದರೆ ಪ್ರಾಣ. ನೀರಿನ ಮೇಲೆ ಏನೂ ಅರಿಯದಂತೆ ನಿಂತ ಪುಟ್ಟ ಹಳದಿ ಹೂವು. ಕೆಳಗೆ ಎಳೆಯೆಳೆಗೂ ಸಾಸಿವೆಯಂಥ ಚೀಲಗಳು. ಹುಳ ತಾಕಿದ್ದೇ ತಡ, ಚೀಲ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಬನಶಂಕರಿ ಬಸ್ಸಿನ ಬಾಗಿಲಿಗೂ ಇಷ್ಟು ಚುರುಕಿಲ್ಲ. ಮೇಷ್ಟ್ರು ಫೋಟೊ ತೆಗೆದು, ಜಾಗ ಬರೆದುಕೊಂಡು ಬಿಟ್ಟುಬಿಡುತ್ತಾರೆ. ತೀರಾ ಬೇಕಾದರೆ ಒಂದೇ ಎಳೆಯನ್ನು ತಟ್ಟೆಯ ನೀರಿನಲ್ಲಿ ತೇಲಿಸಿ, ಅಡಿಯಿಂದ ಕಾಗದ ತೂರಿಸಿ ಎತ್ತುತ್ತಾರೆ. ಬರಿಗೈಯಲ್ಲಿ ಎತ್ತಿದರೆ ಅದು ಬಚ್ಚಲ ಜಾಲರಿಗೆ ಸಿಕ್ಕ ಕೂದಲಿನ ಉಂಡೆ, ಅಷ್ಟೇ.

ಮೇಷ್ಟ್ರು ಆಚೆ ತಿರುಗಿದ್ದಾಗ ನಾನು ಬರಿಗೈಯಲ್ಲೇ ಎತ್ತಿದೆ. ಬಾಟಲಿಗೆ ತುರುಕಿ ತಂದು, ಕೆಳಮನೆಯ ಸುಶೀಲಾ ಆಂಟಿಯ ನೀಲಿ ಡ್ರಮ್ಮಿಗೆ ಬಿಟ್ಟೆ. ಡ್ರಮ್ಮಿನ ಬಾಯಿಗೆ ಹಳೇ ಸೀರೆ ಕಟ್ಟಿ ಸೊಳ್ಳೆ ತಡೆಯುತ್ತಿದ್ದವರು ಆಕೆ. ಮೇಷ್ಟ್ರ ಮೂಗಿನ ಧ್ವನಿ ತೆಗೆದು, ಇಲ್ಲದ ಕನ್ನಡಕ ಏರಿಸಿಕೊಂಡು ಹೇಳಿದೆ: "ಸೀರೆ ತೆಗೀರಿ ಸುಶೀಲಮ್ಮಾ. ಸೊಳ್ಳೆ ಬಂದು ಮೊಟ್ಟೆ ಇಡಲಿ. ಮರಿಗಳನ್ನ ಇದು ನೋಡ್ಕೊಳುತ್ತೆ, ಗೊತ್ತಾಯ್ತೇನಮ್ಮಾ?"

"ಥೂ, ಕೋತಿ! ನಿಜವಾಗ್ಲೂ ತಿನ್ನುತ್ತೇನೋ?"

"ಸಖತ್ ಹಸಿವು ಆಂಟಿ ಅದಕ್ಕೆ."

ನಗುತ್ತಲೇ ಸೀರೆ ಬಿಚ್ಚಿದರು. ಜೌಗಿನ ಗಿಡ ನಲ್ಲಿ ನೀರಿಗೆ ಒಗ್ಗದೆ ಕೊಳೆತು ತಳ ಸೇರಿತು. ನಾನು ಇಣುಕಿಯೂ ನೋಡಲಿಲ್ಲ. ಬೀದಿಯವರಿಗೆಲ್ಲ ಮೇಷ್ಟ್ರನ್ನು ಆಡಿ ತೋರಿಸುವುದರಲ್ಲೇ ಮುಳುಗಿದ್ದೆ.

ಆಂಟಿಗೆ ಡೆಂಗಿ ಬಂತು, ಆಸ್ಪತ್ರೆ ಸೇರಿದರು. ಮನೆ ಸುತ್ತ ಪರೀಕ್ಷಿಸಲು ಬಂದ ಆರೋಗ್ಯ ಕಾರ್ಯಕರ್ತೆ ಡ್ರಮ್ಮಿಗೆ ಟಾರ್ಚು ಬಿಟ್ಟು, "ಏನಣ್ಣ, ಸೊಳ್ಳೆ ಸಾಕ್ತಿದೀರಾ?" ಎಂದರು. ಮರಿಗಳು ಕುಣಿಯುತ್ತಿದ್ದವು. ಆಂಟಿಗೆ ಕಚ್ಚಿದ್ದು ಬೇರೆ ಬೀದಿಯ ಸೊಳ್ಳೆಯೂ ಇರಬಹುದು, ಸೊಳ್ಳೆಗೇನು ವಿಳಾಸವೇ ಎಂದು ನನ್ನೊಳಗೆ ವಕಾಲತ್ತು ಮಾಡಿದೆ. ಕಕ್ಷಿದಾರನಿಗೇ ನಂಬಿಕೆ ಬರಲಿಲ್ಲ. ಗಿಡ ಕಿತ್ತು ತಂದದ್ದನ್ನು ಮೇಷ್ಟ್ರಿಗೂ ಹೇಳಿದೆ. ಅವರು ಆ ಜಾಗದ ದಾಖಲೆ ತೆಗೆದು, 'ಸಂಗ್ರಹಿಸಿದವರು' ಎಂಬಲ್ಲಿ ಬೆರಳಿಟ್ಟು ನನ್ನತ್ತ ಪೆನ್ನು ಚಾಚಿದರು. ನನ್ನ ಹೆಸರು ಇಷ್ಟು ಉದ್ದವೆಂದು ಅಂದೇ ಗೊತ್ತಾದದ್ದು.

ಎಳನೀರು ಹಿಡಿದು ಆಸ್ಪತ್ರೆಗೆ ಹೋದೆ. "ಆಂಟಿ, ಆ ಗಿಡ ಯಾವತ್ತೋ ಸತ್ತೋಗಿತ್ತು. ನಾನು ನೋಡ್ಲೇ ಇಲ್ಲ."

ಆಂಟಿ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಪಾಪ, ಅದಕ್ಕೂ ನಮ್ಮ ನೀರು ಆಗಿಬರ್ಲಿಲ್ವೇನೋ. ಮುಖ ಯಾಕೋ ಹಿಂಗಿದೆ? ಊಟ ಮಾಡಿದ್ಯಾ?"

ಅವರು ಈಗ ಮನೆಗೆ ಬಂದು ಓಡಾಡುತ್ತಿದ್ದಾರೆ. ಅವತ್ತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ಬೈಗುಳವನ್ನು ಅವರದೇ ಧ್ವನಿಯಲ್ಲಿ ಆಡಿ ಬೀದಿಯನ್ನೆಲ್ಲ ನಗಿಸುತ್ತಿದ್ದೆ. "ಊಟ ಮಾಡಿದ್ಯಾ" ಎಂಬುದನ್ನೂ ಒಮ್ಮೆ ಕನ್ನಡಿಯ ಮುಂದೆ ಆಡಿ ನೋಡಿದೆ. ಧ್ವನಿ ಥೇಟ್ ಆಂಟಿಯದೇ. ಆದರೆ ಕನ್ನಡಿಯಲ್ಲಿದ್ದವನು ನಗಲಿಲ್ಲ.